ಇಲಿ ಬಿದ್ದ ಮನೆ

ಮಕ್ಕಳೇ, ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಹಳೆಯ ಜನ ‘ಇಲಿ ಬಿತ್ತು’ ಎಂಬ ಮಾತನ್ನು ಸುಮ್ಮನೆ ಆಡುತ್ತಿರಲಿಲ್ಲ. ಬೆಕ್ಕು ಹಿಡಿದ ಇಲಿಗೆ ಆ ಮಾತು ಸಲ್ಲದು, ಬೋನಿಗೆ ಸಿಕ್ಕ ಇಲಿಗೂ ಸಲ್ಲದು. ಯಾರೂ ಹೊಡೆಯದೆ, ಯಾರೂ ವಿಷ ಇಡದೆ, ಮಾಳಿಗೆಯ ಜಂತಿಯ ಸಂದಿನಿಂದ ಇಲಿ ತಾನಾಗಿ ಕೆಳಗೆ ಬಿದ್ದು, ಕುಡಿದವರ ಹಾಗೆ ತೂರಾಡಿ, ನಡುಮನೆಯಲ್ಲಿ ಸತ್ತರೆ ಮಾತ್ರ ‘ಇಲಿ ಬಿತ್ತು’. ಒಂದು ಮನೆಯಿಂದ ಆ ಮಾತು ಹೊರಟರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತಿತ್ತು. ಮರುದಿನ ಬೆಳಿಗ್ಗೆ ಅಗಸಿ ಮುಂದೆ ಚಕ್ಕಡಿಗಳು ಸಾಲಾಗಿ ನಿಲ್ಲುತ್ತಿದ್ದವು. ಊರಿಗೆ ಊರೇ ಹೊಲಕ್ಕೆ ಹೊರಡುತ್ತಿತ್ತು. ಬಂದದ್ದು ಪ್ಲೇಗು.

ನನ್ನ ಆಯಿ (ನಮ್ಮಲ್ಲಿ ಅಜ್ಜಿಯನ್ನು ಹಾಗೆ ಕರೆಯುತ್ತೇವೆ) ಹುಟ್ಟಿದ್ದು 1900ರ ಆಚೆ ಈಚೆ. ಇಸವಿ ಅವಳಿಗೂ ಗೊತ್ತಿರಲಿಲ್ಲ. ‘ದೊಡ್ಡ ಬರಾ ಬಿದ್ದು ಹೋದ ಮ್ಯಾಲ’ ಎನ್ನುತ್ತಿದ್ದಳು. ಮದುವೆಗೆ ಮುಂಚೆ ಮೂರು ಸಲ ಊರು ಬಿಟ್ಟು ಹೊಲದಲ್ಲಿ ಇದ್ದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. “ಇಲಿ ಬಿತ್ತಂದ್ರ ಗಂಟು ಕಟ್ಟೂದ. ಹಿಂದ ಮುಂದ ನೋಡೂದಲ್ಲ” ಎಂಬುದು ಅವಳ ಮಾತು. ಹಗೇವಿನಿಂದ ಜೋಳ ತೆಗೆದು ಚೀಲಕ್ಕೆ ತುಂಬುವುದು, ಬೀಸುಕಲ್ಲು, ರೊಟ್ಟಿ ಹಂಚು, ದನ ಕರು, ದೇವರ ಜಗುಲಿಯ ಮೂರ್ತಿ, ಎಲ್ಲವೂ ಚಕ್ಕಡಿಗೆ. ಹಾಸಿಗೆ ಹೊದಿಕೆಗಳನ್ನು ಮಾತ್ರ ಬಿಸಿಲಿಗೆ ಹರವಿ ಚೆನ್ನಾಗಿ ಕಾಯಿಸದೆ ಗುಡಿಸಲೊಳಗೆ ತರುವಂತಿರಲಿಲ್ಲ. ಗುಡಿಸಲಿಗೆ ಜೋಳದ ಕಣಿಕೆ, ಕಬ್ಬಿನ ರವದಿ. ಎರಡು ಮೂರು ತಿಂಗಳು ಅಲ್ಲೇ ಸಂಸಾರ. ಹೆರಿಗೆ ಅಲ್ಲೇ, ಹಬ್ಬ ಅಲ್ಲೇ. ದೊಡ್ಡವರಿಗೆ ಹಾವು ಚೇಳಿನ ಚಿಂತೆ. ಆಯಿಗೆ ಮತ್ತು ಅವಳ ಓರಗೆಯ ಮಕ್ಕಳಿಗೆ ಮಾತ್ರ ಅದು ಜಾತ್ರೆ. ಇಷ್ಟು ಸುಖವಾಗಿ ಯಾವಾಗಲೂ ಆಡಿಲ್ಲ ಎಂದು ನಗುತ್ತಿದ್ದಳು.

ಈ ಜನರಿಗೆ ರೋಗಾಣು ಎಂದರೆ ಏನೆಂದು ಗೊತ್ತಿರಲಿಲ್ಲ. ಮಾರಿ ಮುನಿದಳು ಎಂದೇ ನಂಬಿದ್ದರು. ಆದರೂ ಅವರು ಮಾಡಿದ್ದು ಸರಿಯಾಗಿತ್ತು. ಹೇಗೆಂದು ಹೇಳುತ್ತೇನೆ.

ಪ್ಲೇಗು ಮೂಲತಃ ನಮ್ಮ ರೋಗವೇ ಅಲ್ಲ. ಅದು ಇಲಿ, ಹೆಗ್ಗಣ, ಅಳಿಲಿನಂಥ ಪ್ರಾಣಿಗಳ ರೋಗ. ಅದನ್ನು ತರುವ ರೋಗಾಣುವಿನ ಹೆಸರು ಯೆರ್ಸೀನಿಯಾ ಪೆಸ್ಟಿಸ್. ಒಂದು ಇಲಿಯಿಂದ ಇನ್ನೊಂದಕ್ಕೆ ಅದನ್ನು ಹೊತ್ತೊಯ್ಯುವುದು ಇಲಿಯ ಕೂದಲಿನಲ್ಲಿ ಬದುಕುವ ಚಿಗಟ. ರೋಗದ ಇಲಿಯ ರಕ್ತ ಕುಡಿದ ಚಿಗಟದ ಅನ್ನನಾಳದಲ್ಲಿ ರೋಗಾಣು ಬೆಳೆದು ಬೆಳೆದು ಬೆಣೆ ಹೊಡೆದಂತೆ ಕಟ್ಟಿಕೊಳ್ಳುತ್ತದೆ. ಆಮೇಲೆ ಆ ಚಿಗಟ ಎಷ್ಟು ಕುಡಿದರೂ ರಕ್ತ ಒಳಗಿಳಿಯದು. ಹಸಿವು ತಾಳದೆ ಸಿಕ್ಕಸಿಕ್ಕಲ್ಲಿ ಕಚ್ಚುತ್ತದೆ, ಕಚ್ಚಿದಲ್ಲೆಲ್ಲ ರೋಗಾಣುವನ್ನು ಕಕ್ಕುತ್ತದೆ. ಇಲಿ ಸತ್ತು ಮೈ ತಣ್ಣಗಾಯಿತೋ, ಚಿಗಟ ಆ ಮೈ ಬಿಟ್ಟು ಬಿಸಿರಕ್ತದ ಇನ್ನೊಂದು ಮೈ ಹುಡುಕುತ್ತದೆ. ಮನೆಯ ಇಲಿಗಳೆಲ್ಲ ಸತ್ತ ಮೇಲೆ ಉಳಿದವರು ಯಾರು? ನೆಲದ ಮೇಲೆ ಮಲಗಿದ ಮನುಷ್ಯರು.

ಹೀಗಾಗಿ ಇಲಿ ಬಿದ್ದದ್ದಕ್ಕೂ ಮನೆಯವರಿಗೆ ಜ್ವರ ಬರುವುದಕ್ಕೂ ನಡುವೆ ಕೆಲವು ದಿನಗಳ ಬಿಡುವು ಇರುತ್ತದೆ. ಆ ಬಿಡುವಿನಲ್ಲಿ ಮನೆ ಬಿಟ್ಟವರು ಬದುಕಿದರು. ಬಿಡದವರಿಗೆ ಮೊದಲು ಚಳಿಜ್ವರ, ತಲೆಶೂಲೆ. ಆಮೇಲೆ ತೊಡೆಯ ಸಂದಿಯಲ್ಲೋ ಕಂಕುಳಲ್ಲೋ ಕುತ್ತಿಗೆಯಲ್ಲೋ ನಿಂಬೆಹಣ್ಣಿನಷ್ಟು ಗಡ್ಡೆ. ಔಷಧವಿಲ್ಲದ ಕಾಲದಲ್ಲಿ ಗಡ್ಡೆ ಬಂದವರಲ್ಲಿ ಅರ್ಧದಷ್ಟು ಜನ ವಾರ ತುಂಬುವುದರೊಳಗೆ ಸಾಯುತ್ತಿದ್ದರು. ರೋಗ ಪುಪ್ಪುಸಕ್ಕೆ ಇಳಿದರೆ ಇನ್ನೂ ಕೆಟ್ಟದ್ದು. ಆಗ ಚಿಗಟವೂ ಬೇಕಿಲ್ಲ, ಕೆಮ್ಮಿದರೆ ಸಾಕು, ಎದುರಿಗಿದ್ದವರಿಗೆ ಹತ್ತುತ್ತದೆ. ಅಂಥವರು ಬದುಕಿದ್ದೇ ಇಲ್ಲವೆನ್ನಬೇಕು.

ಇದೆಲ್ಲ ಗೊತ್ತಾದದ್ದು ಮೊನ್ನೆ ಮೊನ್ನೆ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಬಂದಾಗ ಅಲೆಕ್ಸಾಂಡರ್ ಯೆರ್ಸಿನ್ ಎಂಬ ತರುಣ ವೈದ್ಯನಿಗೆ ಅಲ್ಲಿಯ ಆಸ್ಪತ್ರೆಯಲ್ಲಿ ಜಾಗ ಕೊಡಲಿಲ್ಲ. ಅವನು ಒಂದು ಹುಲ್ಲಿನ ಗುಡಿಸಲು ಕಟ್ಟಿಕೊಂಡು, ಹೆಣ ಕಾಯುವ ನಾವಿಕರ ಕೈ ಬೆಚ್ಚಗೆ ಮಾಡಿ, ಗಡ್ಡೆಯ ಕೀವು ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದ. ರೋಗಾಣುವಿಗೆ ಅವನ ಹೆಸರೇ ಬಂತು. ಆದರೆ ಅದು ಇಲಿಯಿಂದ ಮನುಷ್ಯನಿಗೆ ದಾಟುವುದು ಹೇಗೆ? ಅದನ್ನು 1898ರಲ್ಲಿ ಕರಾಚಿಯಲ್ಲಿ ಪೌಲ್ ಲೂಯಿ ಸೀಮೊಂಡ್ ಎಂಬ ಫ್ರೆಂಚ್ ವೈದ್ಯ ತೋರಿಸಿದ. ಒಂದು ದೊಡ್ಡ ಗಾಜಿನ ಪಾತ್ರೆಯಲ್ಲಿ ಚಿಗಟ ತುಂಬಿದ ರೋಗದ ಇಲಿ. ಅದೇ ಪಾತ್ರೆಯಲ್ಲಿ ಜಾಳಿಗೆಯ ಪಂಜರದೊಳಗೆ ಆರೋಗ್ಯವಂತ ಇಲಿ. ಎರಡೂ ಒಂದನ್ನೊಂದು ಮುಟ್ಟುವಂತಿಲ್ಲ, ಚಿಗಟ ಮಾತ್ರ ಹಾರಬಹುದು. ಕೆಲವೇ ದಿನಗಳಲ್ಲಿ ಪಂಜರದ ಇಲಿಯೂ ಪ್ಲೇಗಿನಿಂದ ಸತ್ತಿತು. ಇಷ್ಟು ಸ್ಪಷ್ಟವಾಗಿ ತೋರಿಸಿದರೂ ಎಷ್ಟೋ ವರ್ಷ ದೊಡ್ಡ ದೊಡ್ಡ ಪಂಡಿತರು ಅವನನ್ನು ನಂಬಲಿಲ್ಲ. ನಮ್ಮ ಹಳ್ಳಿಯ ಮುದುಕಿಯರನ್ನು ಕೇಳಿದ್ದರೆ ಅರ್ಧ ಉತ್ತರವಾದರೂ ಸಿಗುತ್ತಿತ್ತು.

ಇಲಿಗೂ ಪ್ಲೇಗಿಗೂ ಇರುವ ನಂಟು ನಮ್ಮ ದೇಶದಲ್ಲಿ ಹಳೆಯ ತಿಳಿವಳಿಕೆ. ಮೊಗಲ ದೊರೆ ಜಹಾಂಗೀರ ತನ್ನ ಆತ್ಮಕಥೆಯಲ್ಲಿ ಆಗ್ರಾದ ಪ್ಲೇಗಿನ ಬಗ್ಗೆ ಬರೆಯುತ್ತ ಒಂದು ಮನೆಯ ಸಂಗತಿ ಹೇಳಿದ್ದಾನೆ. ಅಂಗಳದಲ್ಲಿ ಒಂದು ಇಲಿ ತೂರಾಡುತ್ತ ಕಾಣಿಸಿತು. ಮನೆಯೊಡತಿ ಹೇಳಿದಳೆಂದು ದಾಸಿ ಅದರ ಬಾಲ ಹಿಡಿದು ಬೆಕ್ಕಿನ ಮುಂದೆ ಎಸೆದಳು. ಬೆಕ್ಕು ಬಾಯಿ ಹಾಕಿದ್ದೇ ತಡ, ಹೇಸಿ ಬಿಟ್ಟುಬಿಟ್ಟಿತು, ಆಮೇಲೆ ಕಾಯಿಲೆ ಬಿದ್ದಿತು. ಸ್ವಲ್ಪ ದಿನಕ್ಕೆ ದಾಸಿಗೂ ಗಡ್ಡೆ ಎದ್ದು ಅವಳು ತೀರಿಕೊಂಡಳು. ಅಲ್ಲಿಂದ ಆ ಮನೆಯಲ್ಲಿ ಸಾವಿನ ಸಾಲು. ನಾನೂರು ವರ್ಷದ ಹಿಂದಿನ ಈ ವರದಿಯಲ್ಲಿ ಚಿಗಟ ಒಂದನ್ನು ಬಿಟ್ಟು ಉಳಿದದ್ದೆಲ್ಲ ಇದೆ.

ಪ್ರಪಂಚದ ಮಟ್ಟಿಗೆ ಹೇಳುವುದಾದರೆ ಪ್ಲೇಗು ಮೂರು ಸಲ ದೊಡ್ಡ ಸವಾರಿ ಮಾಡಿದೆ. ಕ್ರಿ.ಶ. 541ರಿಂದ ಜಸ್ಟೀನಿಯನ್ ಚಕ್ರವರ್ತಿಯ ರಾಜ್ಯದಲ್ಲಿ. ಎರಡನೆಯದು 1347ರಿಂದ ಯುರೋಪಿನಲ್ಲಿ. ಅದನ್ನೇ ‘ಕಪ್ಪು ಸಾವು’ ಎನ್ನುತ್ತಾರೆ. ನಾಲ್ಕೈದು ವರ್ಷದಲ್ಲಿ ಆ ಖಂಡದ ಮೂರನೆಯ ಒಂದು ಪಾಲಿಗಿಂತ ಕಡಿಮೆಯಿಲ್ಲದಷ್ಟು ಜನ ಹೋದರು. ಈಚೆಗೆ ನಾವೆಲ್ಲ ಕಲಿತ ಕ್ವಾರಂಟೈನ್ ಎಂಬ ಶಬ್ದ ಆ ಕಾಲದ್ದೇ. ಹಡಗಿನವರನ್ನು ನಲವತ್ತು ದಿನ ಬಂದರಿನ ಹೊರಗೆ ನಿಲ್ಲಿಸುತ್ತಿದ್ದರು. ನಲವತ್ತಕ್ಕೆ ಇಟಲಿಯವರ ಮಾತು ‘ಕ್ವಾರಂಟಾ’.

ಈ ಎರಡನೆಯ ಸವಾರಿಗೂ ಮೂರನೆಯದಕ್ಕೂ ನಡುವೆ ನಮ್ಮ ಮನೆ ಬಾಗಿಲಿಗೇ ಒಂದು ಪ್ಲೇಗು ಬಂದು ಹೋಗಿದೆ. ಅಥಣಿಯಿಂದ ವಿಜಯಪುರ ಬಸ್ಸಿನಲ್ಲಿ ಕೂತರೆ ಎರಡು ತಾಸಿನ ಹಾದಿ. 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಗೆದ್ದ. ಮರುವರ್ಷ ಗೋಲ್ಕೊಂಡ ಗೆದ್ದು ಮತ್ತೆ ಬಿಜಾಪುರಕ್ಕೆ ಬಂದು ಬೀಡುಬಿಟ್ಟ. 1688ರಲ್ಲಿ ಆ ಬೀಡಿನಲ್ಲೇ ಪ್ಲೇಗು ಎದ್ದಿತು. ಬಾದಶಹನ ಹೆಂಡತಿ ಔರಂಗಾಬಾದಿ ಮಹಲ್ ಅಲ್ಲೇ ತೀರಿಕೊಂಡಳು. ಹೆಸರಾಂತ ಸೇನಾನಿ ಫಿರೋಜ್ ಜಂಗ್ ಬದುಕಿದ, ಆದರೆ ಕಣ್ಣು ಕಳೆದುಕೊಂಡ. ಹೈದರಾಬಾದಿನ ಮೊದಲ ನಿಜಾಮನ ತಂದೆ ಇವನು. ಎರಡು ಸುಲ್ತಾನರನ್ನು ಮುರಿದ ದಂಡು ಗಂಟು ಕಟ್ಟಿಕೊಂಡು ಬಿಜಾಪುರ ಬಿಟ್ಟಿತು. ನಮ್ಮ ಹಳ್ಳಿಯವರು ಮಾಡಿದ್ದನ್ನೇ ಬಾದಶಹನೂ ಮಾಡಿದ ಎನ್ನೋಣ.

ಇನ್ನು ಮೂರನೆಯ ಸವಾರಿ. ಆಯಿ ಕಂಡದ್ದು ಇದನ್ನೇ. ಚೀನಾದಿಂದ ಹಾಂಗ್‌ಕಾಂಗಿಗೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪೇಟೆಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಎಂಬ ಗೋವಾ ಮೂಲದ ವೈದ್ಯರು ಇದು ಪ್ಲೇಗೇ ಎಂದು ಗುರುತಿಸಿದರು. ಮಾಂಡವಿ ಕಾಳಿನ ಗೋದಾಮುಗಳ ಪೇಟೆ. ಕಾಳು ಇದ್ದಲ್ಲಿ ಇಲಿ. ನಾನು ಬ್ಯಾಂಕಿನಲ್ಲಿದ್ದಾಗ ಒತ್ತೆ ಇಟ್ಟ ಮಾಲು ಎಣಿಸಲು ಸಾಹೇಬರ ಜೊತೆ ಗೋದಾಮುಗಳಿಗೆ ಹೋಗುತ್ತಿದ್ದೆ. ಬೆಲ್ಲ, ಶೇಂಗಾ, ಜೋಳ ಯಾವುದಿದ್ದರೂ ತೂಕ ಕಡಿಮೆ ಬಂದರೆ ಸೇಠಜಿಗಳ ಉತ್ತರ ಒಂದೇ, “ಇಲಿ ತಿಂದಾವ್ರಿ”. ಕೆಲವು ಗೋದಾಮುಗಳ ಇಲಿಗಳು ಐವತ್ತು ಚೀಲದಷ್ಟು ತಿನ್ನುತ್ತಿದ್ದವು! ಅದಿರಲಿ.

ಮುಂಬಯಿಯಿಂದ ಜನ ದಿಕ್ಕಾಪಾಲಾಗಿ ಓಡಿದರು. ಅವರ ಗಂಟುಗಳಲ್ಲಿ, ಕಾಳಿನ ಚೀಲಗಳಲ್ಲಿ ಚಿಗಟವೂ ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿತು. ಅದಕ್ಕೆ ಕೆಲವೇ ವರ್ಷ ಮುಂಚೆ ನಮ್ಮ ಕಡೆ ಸದರ್ನ್ ಮರಾಠಾ ರೈಲು ಬಂದಿತ್ತು. ಮಿರಜ ದಾಟಿದರೆ ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ, ಘಟಪ್ರಭಾ. ಕಾಗವಾಡದವರಿಗೆ ಶೇಡಬಾಳ ಹತ್ತಿರ, ಅಥಣಿಯವರಿಗೆ ಕುಡಚಿ ಉಗಾರ ಹತ್ತಿರ. ನಿಪ್ಪಾಣಿಗೆ ಇವತ್ತಿಗೂ ರೈಲಿಲ್ಲ, ಆದರೆ ಅದು ಪುಣೆ ಬೆಳಗಾವಿ ಹೆದ್ದಾರಿಯ ಮೇಲಿನ ತಂಬಾಕಿನ ಪೇಟೆ. ದಾರಿ ಎಲ್ಲಿತ್ತೋ ಅಲ್ಲೆಲ್ಲ ಪ್ಲೇಗು ಬಂತು. ಇನ್ನೊಂದು ತೊಡಕು ಆಳುವವರದು. ಚಿಕ್ಕೋಡಿ, ಅಥಣಿ ಮುಂಬಯಿ ಇಲಾಖೆಯ ಇಂಗ್ರಜಿ ಸರಕಾರಕ್ಕೆ. ರಾಯಬಾಗ ಕೊಲ್ಹಾಪುರದ ಶಾಹೂ ಮಹಾರಾಜರಿಗೆ. ಸುತ್ತ ಮಿರಜ, ಸಾಂಗಲಿ, ಕುರುಂದವಾಡ, ಜಮಖಂಡಿಯ ಪಟವರ್ಧನ ಸಂಸ್ಥಾನಗಳು. ಒಂದು ಹಳ್ಳಿಯ ಹೊಲದ ಬದುವಿನ ಆಚೆ ಇನ್ನೊಬ್ಬ ಅರಸ. ಚಿಗಟಕ್ಕೆ ಮಾತ್ರ ಎಲ್ಲ ಒಂದೇ ಸಂಸ್ಥಾನ.

1897ರ ಫೆಬ್ರುವರಿ 4ರಂದು ಇಂಗ್ರಜರು ಸಾಂಕ್ರಾಮಿಕ ರೋಗಗಳ ಕಾಯಿದೆ ತಂದರು. ಅದರಲ್ಲಿ ಇದ್ದದ್ದು ನಾಲ್ಕೇ ಕಲಮು. ನಮ್ಮ ಬ್ಯಾಂಕಿನ ಉಳಿತಾಯ ಖಾತೆಯ ಅರ್ಜಿಯೇ ಅದಕ್ಕಿಂತ ಉದ್ದವಿತ್ತು. ಆದರೆ ಅಧಿಕಾರ ಮಿತಿಯಿಲ್ಲದ್ದು. ಯಾರ ಮನೆಗಾದರೂ ನುಗ್ಗಬಹುದು, ರೈಲಿನಿಂದ ಇಳಿಸಿ ತಪಾಸಣೆ ಮಾಡಬಹುದು, ಜಾತ್ರೆ ನಿಲ್ಲಿಸಬಹುದು, ರೋಗಿಯನ್ನು ಎತ್ತಿಕೊಂಡು ಹೋಗಬಹುದು. ಪುಣೆಯಲ್ಲಿ ವಾಲ್ಟರ್ ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸೋಜಿರರು ದೇವರಮನೆ, ಅಡಿಗೆಮನೆ ಎನ್ನದೆ ನುಗ್ಗಿದರು. ಸಾಮಾನು ಹೊರಗೆಸೆದು ಸುಟ್ಟರು. ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಗಡ್ಡೆ ಇದೆಯೇ ಎಂದು ನೋಡಿದರು. ಆ ವರ್ಷ ಜೂನ್ 22ರ ರಾತ್ರಿ, ರಾಣಿ ವಿಕ್ಟೋರಿಯಾಳ ಆಳ್ವಿಕೆಯ ಅರವತ್ತನೆಯ ವರ್ಷದ ಸಂಭ್ರಮ ಮುಗಿಸಿ ಮರಳುತ್ತಿದ್ದ ರ‍್ಯಾಂಡನ ಮೇಲೆ ಚಾಪೇಕರ ಸಹೋದರರು ಗುಂಡು ಹಾರಿಸಿದರು. ದಾಮೋದರ, ಬಾಳಕೃಷ್ಣ, ವಾಸುದೇವ, ಮೂವರು ಅಣ್ಣ ತಮ್ಮಂದಿರೂ ಗಲ್ಲಿಗೆ ಹೋದರು. ಅದೇ ವರ್ಷ ರಾಜದ್ರೋಹದ ಆರೋಪದಲ್ಲಿ ಟಿಳಕರಿಗೆ ಜೈಲಾಯಿತು. ಇದು ನಿಮ್ಮ ಇತಿಹಾಸದ ಪಾಠದಲ್ಲಿ ಇರಬಹುದು.

ಪಾಠದಲ್ಲಿ ಇಲ್ಲದ ಸಂಗತಿ ಬೇರೆ. ಸೋಜಿರರ ಹೆದರಿಕೆಗೆ ಜನ ರೋಗಿಗಳನ್ನು ಅಟ್ಟದ ಮೇಲೆ, ಕಪಾಟಿನಲ್ಲಿ, ಕಾಳಿನ ಕೋಣೆಯಲ್ಲಿ ಬಚ್ಚಿಡತೊಡಗಿದರು. ಸತ್ತವರನ್ನು ರಾತ್ರೋರಾತ್ರಿ ಸಾಗಿಸಿದರು. ಮನೆಯೊಳಗೇ ಹೂತವರೂ ಉಂಟು. ಜ್ವರದ ಮಗುವನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಮುಂದಿನ ಊರಿಗೆ ಓಡಿದರು. ಬಚ್ಚಿಟ್ಟಷ್ಟೂ ರೋಗ ಹಬ್ಬಿತು. ರೋಗ ಹಬ್ಬಿದಷ್ಟೂ ಸರಕಾರ ಬಿಗಿ ಮಾಡಿತು. ಇಂಗ್ರಜರಿಗೂ ಇದು ತಡವಾಗಿ ತಿಳಿಯಿತು. ಮೂರು ನಾಲ್ಕು ವರ್ಷದ ಮೇಲೆ ಜುಲುಮೆ ಕಡಿಮೆ ಮಾಡಿ, ಜನ ತಾವಾಗಿ ಊರು ಬಿಟ್ಟು ಹೊಲದಲ್ಲಿರಲು ಬಿಟ್ಟರು.

ಅದೇ 1897ರಲ್ಲಿ ಅದೇ ಪುಣೆಯಲ್ಲಿ ಇನ್ನೊಂದು ರೀತಿಯೂ ನಡೆದಿತ್ತು. ಸಾವಿತ್ರಿಬಾಯಿ ಫುಲೆಯವರ ಸಾಕುಮಗ ಯಶವಂತ ವೈದ್ಯ. ತಾಯಿ ಮಗ ಕೂಡಿ ಊರ ಹೊರಗೆ ರೋಗಿಗಳಿಗೆ ದವಾಖಾನೆ ತೆರೆದರು. ಅಲ್ಲಿಗೆ ಯಾರನ್ನೂ ಸೋಜಿರರು ಎಳೆದು ತರಬೇಕಾಗಿರಲಿಲ್ಲ. ಗಡ್ಡೆ ಎದ್ದ ಒಬ್ಬ ಹುಡುಗನನ್ನು ಸಾವಿತ್ರಿಬಾಯಿಯವರೇ ಎತ್ತಿಕೊಂಡು ದವಾಖಾನೆಗೆ ತಂದರೆಂದು ಹೇಳುತ್ತಾರೆ. ಅವರಿಗೂ ರೋಗ ತಗುಲಿತು. ಮಾರ್ಚ್ 10ರಂದು ತೀರಿಕೊಂಡರು.

ಈಗ ಆಯಿ ನಗದೆ ಹೇಳುತ್ತಿದ್ದ ಮಾತಿಗೆ ಬರುತ್ತೇನೆ. ಒಂದು ವರ್ಷ ಅವರ ಪಕ್ಕದ ಮನೆಯಲ್ಲಿ ಇಲಿ ಬಿತ್ತು. ಬಿದ್ದದ್ದು ಮುಂಜಾನೆ. ಆ ಮನೆಯ ಯಜಮಾನ ಹೆಂಡತಿಗೆ, “ಯಾರ ಮುಂದೂ ಬಾಯಿ ಬಿಡಬ್ಯಾಡ. ಸರಕಾರದವ್ರು ಬಂದು ಮಾಳಿಗಿ ತಗೀತಾರ, ನೆಲಾ ಅಗೀತಾರ” ಎಂದ. ಇಲಿಯನ್ನು ಗೊಬ್ಬರದ ತಿಪ್ಪೆಯಲ್ಲಿ ಹೂತರು. ನಾಲ್ಕು ದಿನ ಊರು ಎಂದಿನಂತೆಯೇ ಇತ್ತು. ಐದನೆಯ ದಿನ ಆ ಮನೆಯ ಹುಡುಗಿಗೆ ಜ್ವರ. ಗುಡಿಸಲ ಅಂಗಳದಲ್ಲಿ ಆಯಿಯ ಜೊತೆ ಕುಂಟಬಿಲ್ಲೆ ಆಡುತ್ತಿದ್ದ ಹುಡುಗಿ ಅವಳು. ಆ ಮನೆಯಲ್ಲಿ ಮೂವರು, ಓಣಿಯಲ್ಲಿ ಇನ್ನೂ ಕೆಲವರು ಹೋದರು. ಆಯಿ ಆ ಯಜಮಾನನನ್ನು ಒಮ್ಮೆಯೂ ಬೈದದ್ದನ್ನು ನಾನು ಕೇಳಿಲ್ಲ. “ಅಂವಗ ಅಂಜಿಕಿ ಹಾಕಿದ್ರಲ್ಲಾ” ಎನ್ನುತ್ತಿದ್ದಳು, ಅಷ್ಟೇ.

ಲೆಕ್ಕ ಬರೆದು ಬದುಕಿದವನು ನಾನು, ಒಂದು ಲೆಕ್ಕ ಹೇಳದೆ ಇರಲಾರೆ. 1901ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 9,93,976. ಅದಕ್ಕೆ ಹಿಂದಿನ ಹತ್ತು ವರ್ಷದಲ್ಲಿ ಜಿಲ್ಲೆ ನೂರಕ್ಕೆ 17ರಷ್ಟು ಬೆಳೆದಿತ್ತು. ಈ ಹತ್ತು ವರ್ಷದಲ್ಲಿ ನೂರಕ್ಕೆ 2 ಇಳಿಯಿತು. ಹುಟ್ಟಿದ ಕೂಸುಗಳನ್ನೆಲ್ಲ ಜಮಾ ಹಿಡಿದ ಮೇಲೂ ಖರ್ಚೇ ಹೆಚ್ಚು. ಎಲ್ಲವೂ ಪ್ಲೇಗಿನ ಖಾತೆಗಲ್ಲ, ನಡುವೆ ಎರಡು ಬರಗಳೂ ಬಿದ್ದವು. ದೇಶದ ಲೆಕ್ಕದಲ್ಲಿ 1896ರಿಂದ ಇಪ್ಪತ್ತೈದು ವರ್ಷಕ್ಕೆ ಪ್ಲೇಗು ತಿಂದದ್ದು ಸುಮಾರು ಒಂದು ಕೋಟಿ ಜನರನ್ನು.

ಇದಕ್ಕೆ ಲಸಿಕೆ ಮಾಡಿದವರು ವಾಲ್ಡೆಮಾರ್ ಹಾಫ್ಕಿನ್. ಒಡೆಸಾ ಊರಿನ ಯಹೂದಿ ವಿಜ್ಞಾನಿ. ಮುಂಬಯಿಯಲ್ಲಿ ಸಣ್ಣ ಕೋಣೆಯೊಂದರಲ್ಲಿ ಹಗಲು ರಾತ್ರಿ ದುಡಿದು, 1897ರ ಜನವರಿ 10ರಂದು ಮೊದಲ ಚುಚ್ಚುಮದ್ದನ್ನು ತಮಗೇ ಚುಚ್ಚಿಸಿಕೊಂಡರು. ಜ್ವರ ಬಂತು, ಇಳಿಯಿತು. ಆಮೇಲೆ ಭಾಯಖಳಾ ಜೈಲಿನ ಕೈದಿಗಳಲ್ಲಿ ಮುಂದೆ ಬಂದವರಿಗೆ ಕೊಟ್ಟರು. ನಮ್ಮ ಹುಬ್ಬಳ್ಳಿಯಲ್ಲಿ 1898ರಲ್ಲಿ ಪ್ಲೇಗು ಭೀಕರವಾಗಿ ಹಬ್ಬಿದಾಗ ಹತ್ತಾರು ಸಾವಿರ ಜನ ಈ ಲಸಿಕೆ ಹಾಕಿಸಿಕೊಂಡರು. ಅಷ್ಟು ದೊಡ್ಡ ಪ್ರಮಾಣದಲ್ಲಿ ಒಂದೇ ಊರಿನಲ್ಲಿ ಹಾಕಿದ ಮೊದಲ ಊರುಗಳಲ್ಲಿ ಹುಬ್ಬಳ್ಳಿ ಒಂದು. ಅಲ್ಲಿ ಸೂಜಿ ಹಿಡಿದವರಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆಯೂ ಇದ್ದರು.

1902ರಲ್ಲಿ ಪಂಜಾಬಿನ ಮುಲ್ಕೋವಾಲ ಎಂಬ ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪನ್ನು ಹಾಫ್ಕಿನ್ನರ ಪ್ರಯೋಗಾಲಯದ ತಲೆಗೆ ಕಟ್ಟಿದರು, ಕೆಲಸದಿಂದ ದೂರವಿಟ್ಟರು. ನಿಜವಾಗಿ ಆ 19 ಜನಕ್ಕೂ ಮದ್ದು ಹೋಗಿದ್ದು ಒಂದೇ ಬಾಟಲಿಯಿಂದ. ಅದೇ ದಿನ ಬೇರೆ ಬಾಟಲಿಗಳಿಂದ ಹಾಕಿಸಿಕೊಂಡವರಿಗೆ ಏನೂ ಆಗಿರಲಿಲ್ಲ. ಆ ಬಾಟಲಿಯ ಬೂಚು ತೆಗೆಯುವ ಚಿಮಟ ಹಳ್ಳಿಯಲ್ಲಿ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡಿರಲಿಲ್ಲ. ಯಾವ ಬಾಟಲಿ, ಯಾರಿಗೆ, ಎಷ್ಟು ಎಂದು ಬರೆದಿಟ್ಟ ದಾಖಲೆಯೇ ಕೊನೆಗೆ ಅವರನ್ನು ಉಳಿಸಿತು. ಆದರೂ ಅವರ ಮೇಲಿನ ಮಾತು ಅಳಿಯಲು 1907 ಬರಬೇಕಾಯಿತು. ಮುಂಬಯಿಯ ಆ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಇವತ್ತಿಗೂ ಇದೆ.

ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿದ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರು ಮುಟ್ಟಿತು. ಇಕ್ಕಟ್ಟಾದ ಹಳೆಯ ಪೇಟೆಯಿಂದ ಜನ ಹೊರಬರಲೆಂದು ಅಗಲ ಬೀದಿಗಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ಕಾಲದಲ್ಲೇ. ಅಲ್ಲಿ ಪ್ಲೇಗಮ್ಮನ ಗುಡಿಗಳೂ ಎದ್ದವು.

ಆಮೇಲೆ ಪ್ಲೇಗು ಸುಸ್ತಾಯಿತು. 1940ರ ದಶಕದಲ್ಲಿ ಸ್ಟ್ರೆಪ್ಟೋಮೈಸಿನ್ ಬಂತು, ಚಿಗಟ ಕೊಲ್ಲಲು ಡಿಡಿಟಿ ಬಂತು. ನಮ್ಮ ರಾಜ್ಯದಲ್ಲಿ ಮನುಷ್ಯರಿಗೆ ಪ್ಲೇಗು ಬಂದ ಕೊನೆಯ ಸುದ್ದಿ 1966ರದು, ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಿಂದ.

ಹೀಗೆ ಎಲ್ಲರೂ ಮರೆತು ಕೂತಾಗ 1994 ಬಂತು. ಆಗಸ್ಟಿನಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಗಡ್ಡೆ, ಸೆಪ್ಟೆಂಬರಿನಲ್ಲಿ ಸೂರತ್‌ನಲ್ಲಿ ಪುಪ್ಪುಸದ ಪ್ಲೇಗು. ಲಕ್ಷಗಟ್ಟಲೆ ಜನ ಸೂರತ್ ಬಿಟ್ಟು ಓಡಿದರು. ಆಗ ನಾನು ನಿಪ್ಪಾಣಿಯ ಒಂದು ಶಾಖೆಯಲ್ಲಿ ರೊಕ್ಕದ ಕೌಂಟರಿನಲ್ಲಿದ್ದೆ. ಗುಜರಾತಿನ ಲಾರಿಗಳು ನಿಲ್ಲುವ ಊರು ಅದು. ಒಂದು ವಾರ ಎಲ್ಲರ ಮೂಗಿಗೂ ಕರವಸ್ತ್ರ. ಔಷಧಿ ಅಂಗಡಿಗಳಲ್ಲಿ ಟೆಟ್ರಾಸೈಕ್ಲಿನ್ ಖಾಲಿ. ಸೂರತ್ ಡ್ರಾಫ್ಟು ತಂದವನಿಂದ ಸರತಿಯವರೆಲ್ಲ ಎರಡು ಮಾರು ಹಿಂದೆ ಸರಿದು ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಪಾಪ, ಅವನು ಸೂರತ್ ನೋಡಿಯೇ ಇರಲಿಲ್ಲ. ದೇಶದಲ್ಲಿ ಸತ್ತವರು ಐವತ್ತರ ಮೇಲೆ ಸ್ವಲ್ಪ. ಗಾಬರಿ ಐವತ್ತು ಲಕ್ಷದಷ್ಟು. ಮರುವರ್ಷ ಎಸ್.ಆರ್. ರಾವ್ ಎಂಬ ಅಧಿಕಾರಿ ಸೂರತ್ತಿಗೆ ಬಂದು ಕಸ, ಗಟಾರ ಹಿಡಿದು ಊರನ್ನೇ ತೊಳೆದರು ಎಂಬುದೂ ಅಷ್ಟೇ ನಿಜ.

ಪ್ಲೇಗು ಲೋಕದಿಂದ ಹೋಗಿಲ್ಲ. 2002ರಲ್ಲಿ ಹಿಮಾಚಲದಲ್ಲಿ, 2004ರಲ್ಲಿ ಉತ್ತರಕಾಶಿಯ ಒಂದು ಹಳ್ಳಿಯಲ್ಲಿ ಕಾಣಿಸಿಕೊಂಡಿತು. 2017ರಲ್ಲಿ ಮಡಗಾಸ್ಕರ್ ದ್ವೀಪದಲ್ಲಿ 2,400ಕ್ಕೂ ಹೆಚ್ಚು ಜನಕ್ಕೆ ತಗುಲಿ 200ಕ್ಕೂ ಹೆಚ್ಚು ಜನ ಸತ್ತರು. ಆದರೆ ಈಗ ಅದಕ್ಕೆ ಔಷಧ ಉಂಟು, ಅದೂ ಸಾಮಾನ್ಯ ಆಸ್ಪತ್ರೆಯಲ್ಲಿ ಸಿಗುವಂಥದ್ದು. ಬೇಕಾದದ್ದು ಹೊತ್ತು. ಜ್ವರ ಬಂದ ಮೊದಲ ದಿನವೇ ಗೊತ್ತಾದರೆ ಬಹುಪಾಲು ರೋಗಿಗಳು ಎದ್ದು ಮನೆಗೆ ಹೋಗುತ್ತಾರೆ. ಪುಪ್ಪುಸದ ಪ್ಲೇಗಿನಲ್ಲಂತೂ ಒಂದು ಹಗಲು ಒಂದು ರಾತ್ರಿ ಬಚ್ಚಿಟ್ಟರೆ ಮುಗಿಯಿತು.

ಬಚ್ಚಿಡುವ ಮಾತು ಹಳೆಯದಾಯಿತೆಂದು ತಿಳಿಯಬೇಡಿ. 2020ರಲ್ಲಿ ಕೋವಿಡ್ ಬಂದಾಗ ಸರಕಾರ ಕೈಗೆತ್ತಿಕೊಂಡದ್ದು ಅದೇ 1897ರ ಕಾಯಿದೆಯನ್ನು. ನಿಪ್ಪಾಣಿ ಹತ್ತಿರದ ಕೊಗನೊಳ್ಳಿಯಲ್ಲಿ, ಇತ್ತ ಕಾಗವಾಡದಲ್ಲಿ ಗಡಿ ನಾಕಾಗಳು ಎದ್ದವು. ಮಗಳು ಮಿರಜದಲ್ಲಿ, ತಾಯಿ ಕಾಗವಾಡದಲ್ಲಿ, ನಡುವೆ ಕಂಬ. ಆಗ ನನ್ನ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿದ ಗೆಳೆಯನೊಬ್ಬನಿಗೆ ಜ್ವರ ಬಂತು. ಪಕ್ಕದ ಓಣಿಗೆ ತಗಡು ಹೊಡೆದು ಮುಚ್ಚಿದ್ದನ್ನೂ ಆ ಮನೆಯವರಿಗೆ ಹಾಲು ಹಾಕುವವನು ಸಹ ಬರದಿದ್ದದ್ದನ್ನೂ ಅವನು ನೋಡಿದ್ದ. ಐದು ದಿನ ಯಾರಿಗೂ ಹೇಳಲಿಲ್ಲ. ನಾನು ಫೋನ್ ಮಾಡಿದರೆ ‘ಆರಾಮ ಅದೀನಿ’ ಎಂದ. ಆರನೆಯ ದಿನ ಉಸಿರು ಸಾಲದೆ ಆಸ್ಪತ್ರೆಗೆ ಹೋದ, ಮರಳಲಿಲ್ಲ. “ಯಾರಿಗೂ ಹೇಳಬ್ಯಾಡ ಅಂದ್ರು, ಅಣ್ಣಾರ. ಓಣಿಗೆಲ್ಲಾ ನಮ್ಮಿಂದ ತ್ರಾಸ ಆಗ್ತೈತಿ ಅಂದ್ರು” ಎಂದು ಅವನ ಹೆಂಡತಿ ಹೇಳಿದರು. ಓಣಿಗೆ ಆಗುವ ತ್ರಾಸು ತಪ್ಪಿಸಲು ಹೋಗಿ ತಾನು ಹೋದ.

ನಮ್ಮ ಓಣಿಗೆ ಬರುತ್ತಿದ್ದ ಆಶಾ ಕಾರ್ಯಕರ್ತೆ ಮಾತ್ರ ಬೇರೆ ತರಹ. ಬಾಗಿಲಲ್ಲಿ ನಿಂತು, “ಅಜ್ಜಾರ, ಊಟಾ ಆತ್ರಿ? ಜ್ವರಾ ಗಿರಾ ಏನರೆ ಅದಾವೇನ್ರಿ?” ಎಂದು ಊಟವನ್ನು ಮೊದಲು ಕೇಳಿ ಜ್ವರವನ್ನು ಆಮೇಲೆ ಕೇಳುತ್ತಿದ್ದಳು. ಅವಳಿಗೆ ಯಾರೂ ಸುಳ್ಳು ಹೇಳಿದ್ದನ್ನು ನಾನು ನೋಡಲಿಲ್ಲ.

ಮನೆಯಲ್ಲೋ ಗೋದಾಮಿನಲ್ಲೋ ಕಾರಣವಿಲ್ಲದೆ ಒಂದರ ಹಿಂದೆ ಒಂದು ಇಲಿ ಸಾಯುತ್ತಿದ್ದರೆ ಏನು ಮಾಡಬೇಕೆಂದು ಕೇಳಿದ್ದೀರಾದರೆ, ಜಹಾಂಗೀರನ ದಾಸಿಯ ಹಾಗೆ ಬಾಲ ಹಿಡಿದು ಎತ್ತಬೇಡಿ. ಬರಿಗೈಯಲ್ಲಿ ಮುಟ್ಟಬೇಡಿ, ನಾಯಿ ಬೆಕ್ಕುಗಳನ್ನು ಹತ್ತಿರ ಬಿಡಬೇಡಿ, ದೊಡ್ಡವರಿಗೆ ಹೇಳಿ, ದೊಡ್ಡವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಲಿ. ನೂರಕ್ಕೆ ತೊಂಬತ್ತೊಂಬತ್ತು ಸಲ ಯಾರೋ ಇಟ್ಟ ವಿಷವೇ ಇರುತ್ತದೆ. ಇರಲಿ, ಹೇಳಿದ್ದರಿಂದ ಹೋಗುವುದೇನೂ ಇಲ್ಲ.

ಇದನ್ನೇ ಕೆಲಸವಾಗಿ ಮಾಡುವವರೂ ಇದ್ದಾರೆ. ಬೆಂಗಳೂರಿನಲ್ಲಿ ಕೇಂದ್ರ ಸರಕಾರದ ಪ್ಲೇಗು ಕಣ್ಗಾವಲು ಘಟಕವಿದೆ. 1966ರಿಂದ ಈಚೆ ನಮ್ಮ ರಾಜ್ಯದಲ್ಲಿ ಒಬ್ಬ ರೋಗಿಯೂ ಇಲ್ಲದಿದ್ದರೂ ಅಲ್ಲಿಯವರು ಕೋಲಾರದ ಕಡೆಯ ಹಳೆಯ ಪ್ಲೇಗಿನ ಜಾಗಗಳಿಗೆ ಹೋಗಿ ಬೋನಿಟ್ಟು ಇಲಿ ಹಿಡಿಯುತ್ತಾರೆ, ರಕ್ತ ಪರೀಕ್ಷೆ ಮಾಡುತ್ತಾರೆ. ಇಲಿಯ ಕೂದಲು ಬಾಚಿ ಚಿಗಟಗಳನ್ನು ಎಣಿಸುತ್ತಾರೆ. ಒಂದು ಇಲಿಗೆ ಸರಾಸರಿ ಎಷ್ಟು ಚಿಗಟ ಎಂದು ಲೆಕ್ಕ ತೆಗೆದು ಪುಸ್ತಕದಲ್ಲಿ ಬರೆದಿಡುತ್ತಾರೆ.